ಆಯ್ಕೆ ಯಾರದು, ಲೆಕ್ಕ ಯಾರದು

ಹೊಸ ಉದ್ಯಮಗಳಿಗೆ ನೆರವು ಕೊಡುವ ಯೋಜನೆಯೊಂದರಲ್ಲಿ ನಾನು ಸಂಯೋಜಕಿ. ಸರ್ಕಾರದ ಇಲಾಖೆಯೊಂದು ಉದ್ಯಮಿಗಳ ಜೊತೆಗೂಡಿ ಅದನ್ನು ನಡೆಸುತ್ತದೆ. ಸಮಿತಿಯಲ್ಲಿ ಅರ್ಧ ಅಧಿಕಾರಿಗಳು, ಅರ್ಧ ಉದ್ಯಮಿಗಳು. ಅಧಿಕಾರವೂ ಸಮಪಾಲು ಅಂತಲೇ ನಾನು ನಂಬಿದ್ದೆ. ಆದರೆ ಸಭೆಯ ದಿನ ಗೊತ್ತು ಮಾಡುವುದು, ಕಾರ್ಯಸೂಚಿ ಬರೆಯುವುದು, ಕಡತಕ್ಕೆ ಸಹಿ ಹಾಕುವುದು ಎಲ್ಲವೂ ಇಲಾಖೆಯ ಕೈಲಿತ್ತು. ಗಿರಾಕಿ ಇಲ್ಲದಿದ್ದರೂ ದಾಖಲೆ ಅಚ್ಚುಕಟ್ಟಾಗಿದ್ದರೆ ಅನುದಾನ ಸಿಗುತ್ತಿತ್ತು. ಮೊದಲ ಸಭೆಗೆ ಆರು ಉದ್ಯಮಿಗಳು ಬಂದಿದ್ದರು, ನಾಲ್ಕನೆಯದಕ್ಕೆ ಇಬ್ಬರೇ. ಬಾರದ ಒಬ್ಬರಿಗೆ ಫೋನ್ ಮಾಡಿದೆ. “ಮೊದಲೇ ತೀರ್ಮಾನ ಆಗಿರತ್ತಲ್ಲ ಮೇಡಂ, ನಾವು ಬಂದು ಏನು ಮಾಡೋದು?” ಅಂದರು. ಆ ಮಾತು ಬಹಳ ದಿನ ಕೊರೆಯಿತು.

ಹೊಸ ಉದ್ಯಮಗಳಿಗೆ ನೆರವು ಕೊಡುವುದರಲ್ಲಿ ಇಸ್ರೇಲಿನ ಅನುಭವವನ್ನು ಕೂತು ಓದಿದ್ದು ಆಗಲೇ. 1992ರಲ್ಲಿ ಅಲ್ಲಿನ ಸರ್ಕಾರ ‘ಇನ್ಬಾಲ್’ ಯೋಜನೆಯಡಿ ಹೊಸ ಕಂಪನಿಗಳಿಗೆ ಹಣ ಹಾಕುವ ಹೂಡಿಕೆ ನಿಧಿಗಳ ಬಂಡವಾಳಕ್ಕೆ ಶೇ 70ರವರೆಗೆ ಖಾತರಿ ಕೊಟ್ಟಿತು. ನಷ್ಟದ ಭಯ ತಗ್ಗಿತು, ಆದರೆ ಗೆಲ್ಲಲೇಬೇಕೆಂಬ ಹಟ ಹುಟ್ಟಲಿಲ್ಲ. ಯೋಜನೆ ಫಲ ಕೊಡಲಿಲ್ಲ. ಮರುವರ್ಷ 10 ಕೋಟಿ ಡಾಲರ್‌ಗಳ ‘ಯೋಜ್ಮಾ’ ಯೋಜನೆ ಬಂತು. ಪ್ರತಿ ನಿಧಿಯಲ್ಲೂ ಸರ್ಕಾರದ ಪಾಲು ಸುಮಾರು ಶೇ 40, ಉಳಿದದ್ದು ಖಾಸಗಿಯವರದು. ಯಾವ ಕಂಪನಿಗೆ ಹಣ ಹಾಕಬೇಕು ಎಂಬುದನ್ನು ನಿಧಿ ನಡೆಸುವವರೇ ನಿರ್ಧರಿಸುತ್ತಿದ್ದರು. ಐದು ವರ್ಷದೊಳಗೆ ಅಸಲು ಬಡ್ಡಿ ಕೊಟ್ಟು ಸರ್ಕಾರದ ಪಾಲನ್ನು ಕೊಳ್ಳಲೂ ಅವಕಾಶವಿತ್ತು. ಹೆಚ್ಚಿನ ನಿಧಿಗಳು ಕೊಂಡವು.

ನಾವೂ ಪದ್ಧತಿ ಬದಲಿಸಿದೆವು. ಅರ್ಹತೆಯ ನಿಯಮ ಇಲಾಖೆ ಬರೆಯುತ್ತದೆ, ಆಯ್ಕೆ ಉದ್ಯಮಿಗಳು ಮಾಡುತ್ತಾರೆ. ಹೊರಗಿನ ಹೂಡಿಕೆದಾರರು ಸ್ವಂತ ದುಡ್ಡು ಹಾಕಿದರೆ ಮಾತ್ರ ಅನುದಾನ. ಸಭೆಗಳು ಮತ್ತೆ ತುಂಬಿದವು.

ಎರಡನೇ ಸುತ್ತಿನಲ್ಲಿ ಸದಸ್ಯರೊಬ್ಬರು ತಮ್ಮದೇ ಪಾಲಿದ್ದ ಕಂಪನಿಯ ಪರ ಮತ ಹಾಕಿದ್ದರು. ಪತ್ತೆ ಹಚ್ಚಿದ್ದು ಇಲಾಖೆಯ ಲೆಕ್ಕಾಧಿಕಾರಿ. ಅವರ ಪ್ರಶ್ನೆಗಳನ್ನು ನಾನು ಅಲ್ಲಿಯವರೆಗೆ ಕಿರಿಕಿರಿ ಅಂದುಕೊಂಡಿದ್ದೆ. ಜನರ ತೆರಿಗೆ ಹಣ ಕಾಯಲು ಅಂಥವರು ಒಬ್ಬರು ಬೇಕೇ ಬೇಕು. ಈಗ ಎಲ್ಲ ಸದಸ್ಯರೂ ತಮಗೆ ಎಲ್ಲೆಲ್ಲಿ ಪಾಲಿದೆ ಎಂದು ಮೊದಲೇ ಬರೆದುಕೊಡುತ್ತಾರೆ, ಆ ಅರ್ಜಿ ಬಂದಾಗ ಎದ್ದು ಹೊರಗೆ ಹೋಗುತ್ತಾರೆ.

ಇಲಾಖೆ ಯಾವಾಗ ಹಿಂದೆ ಸರಿಯಬೇಕು ಎಂಬುದೊಂದು ಇನ್ನೂ ಬಗೆಹರಿದಿಲ್ಲ. ಒಪ್ಪಂದದಲ್ಲಿ ದಿನಾಂಕ ನಮೂದಿಸಿ ಎಂದು ಎರಡು ಸಲ ಕೇಳಿದ್ದೇನೆ. ಈಗ ಕಾರ್ಯಸೂಚಿಯನ್ನು ಎರಡೂ ಕಡೆಯವರು ಕೂತು ಬರೆಯುತ್ತಾರೆ. ಮುಂದಿನ ಸಭೆಯ ಮೊದಲ ವಿಷಯ ಆ ದಿನಾಂಕವೇ.