ಬೆಕ್ಕಿನ ಮರಿಗೆ ಬೆಡ್ ರೆಸ್ಟ್

ಅಟ್ಟದಲ್ಲಿ ಅಡಿಕೆ ಗೋಣಿಗಳ ಎಡೆಯಲ್ಲಿ ಹುಟ್ಟಿದ ಮರಿಗಳಲ್ಲಿ ಇದೇ ಅತಿ ಪೋಕರಿ. ಜೂನ್ ಕೊನೆಯ ಒಂದು ಬೆಳಿಗ್ಗೆ ಅಲ್ಲಿಂದ ಸೀದಾ ಸಿಮೆಂಟು ನೆಲಕ್ಕೆ ಬಿತ್ತು. ಹಿಂದಿನ ಎಡಗಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು.

"ಪುಚ್ಚೆ ಮರಿಗೆಲ್ಲ ಆಟೋ ಮಾಡ್ಲಿಕ್ಕುಂಟಾ?" ಎಂದು ಆಟೋದವನೇ ನಕ್ಕ. ಕೇರಳದ ಕಾಸರಗೋಡು ಕಡೆಯ ಬದಿಯಡ್ಕಕ್ಕೆ ಬಿಟ್ಟ ಬಾಡಿಗೆಯನ್ನು ಮಾತ್ರ ಪೂರ್ತಿ ತೆಗೆದುಕೊಂಡ.

ಮೃಗಾಸ್ಪತ್ರೆಯ ಡಾಕ್ಟರಿಗೆ ಮಲಯಾಳ, ಅಮ್ಮನಿಗೆ ಕನ್ನಡ, ತುಳು. ಮಧ್ಯದಲ್ಲಿ ಕಂಪೌಂಡರು ಎರಡೂ ಕಡೆಯ ಮಾತು ದಾಟಿಸುತ್ತ ನಿಂತರು. ಚರ್ಮ ಹರಿದಿಲ್ಲ, ಮರಿಯ ಎಲುಬು ಬೇಗ ಕೂಡುತ್ತದೆ, ಆದರೆ ಹಾರಬಾರದು, ಹತ್ತಬಾರದು. "ನೋವಿಗೆ ಅರ್ಧ ಪ್ಯಾರಸಿಟಮಾಲ್ ಕೊಡ್ಬಹುದಾ?" ಎಂದರು ಅಮ್ಮ. ಅದಕ್ಕೆ ಕಂಪೌಂಡರ ಸಹಾಯ ಬೇಕಾಗಲಿಲ್ಲ, ಡಾಕ್ಟರು ಎರಡೂ ಕೈ ಎತ್ತಿಬಿಟ್ಟರು. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವಂತೆ. ರಕ್ತ ಕೆಟ್ಟು, ಒಂದೇ ಮಾತ್ರೆಗೆ ಸತ್ತೂ ಹೋಗಬಹುದು.

ಹತ್ತಿ, ಪಟ್ಟಿ, ಸ್ಪ್ಲಿಂಟು ಎಲ್ಲ ಸುತ್ತಿ, ತುದಿಯಲ್ಲಿ ನಡುವಿನ ಎರಡು ಬೆರಳು ಮಾತ್ರ ಹೊರಗೆ ಕಾಣುವ ಹಾಗೆ ಬಿಟ್ಟಿದ್ದರು. ದಿನಾ ನೋಡಬೇಕಾದದ್ದು ಅದನ್ನೇ. ಎರಡು ಉಗುರು ಒತ್ತೊತ್ತಿಗೆ ಇದ್ದರೆ ಸರಿ. ದೂರ ಸರಿದರೆ ಬಾವು ಬಂದಿದೆ, ಕಟ್ಟು ಬಿಗಿಯಾಗಿದೆ ಎಂದೇ ಲೆಕ್ಕ. ಬೆಳೆಯುವ ಮರಿಯಲ್ಲವೇ, ಹೋದ ವಾರದ ಕಟ್ಟು ಈ ವಾರಕ್ಕೆ ಆಗುವುದಿಲ್ಲ. ಕಾಫಿಗೆ ಮೊದಲು ಟಾರ್ಚು ಹಿಡಿದು ಬೆಕ್ಕಿನ ಉಗುರು ನೋಡುವುದು ನನಗೆ ಅಭ್ಯಾಸವೇ ಆಯಿತು.

ಎರಡು ತರಕಾರಿ ಕ್ರೇಟುಗಳನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿ ಗೂಡು ಮಾಡಿದೆ. ಇಟ್ಟದ್ದು ಬಚ್ಚಲ ಒಲೆಯ ಗೋಡೆಯ ಆಚೆ ಬದಿಗೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಥಂಡಿ ಹಿಡಿಯದ ಜಾಗ ಅದೊಂದೇ. ನೋವು ಇಳಿದ ಮೇಲೆ ಶುರುವಾಯಿತು ನೋಡಿ ಕಷ್ಟ. ಕ್ರೇಟಿನ ಕಂಡಿಗೆ ಮೂತಿ ತುರುಕಿ ರಾತ್ರಿಯಿಡೀ ಅರಚಾಟ. ಒಡಹುಟ್ಟಿದವು ಹೊರಗೆ ಬಾಲ ಎತ್ತಿಕೊಂಡು ಮೆರವಣಿಗೆ ಹೋಗುತ್ತಿದ್ದವು.

ಹಾಲು ಅನ್ನ ಮಾತ್ರ ಸಾಲದು, ಮೀನೋ ಮೊಟ್ಟೆಯೋ ಬೇಕು ಎಂದಿದ್ದರು ಡಾಕ್ಟರು. ನಮ್ಮದು ಮೀನು ಹೊಗದ ಮನೆ. ಆಚೆಮನೆಯ ಅಕ್ಕ ವಹಿಸಿಕೊಂಡರು. ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿದ ಬೂತಾಯಿ ಮೀನು ದಿನಾ ಗಿಣ್ಣಲಿನಲ್ಲಿ ಬರತೊಡಗಿತು. ಅದೂ ಎಂಥ ಸಮಯದಲ್ಲಿ! ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ ಟ್ರಾಲಿಂಗ್ ನಿಷೇಧ, ಎಂದರೆ ಯಂತ್ರದ ದೊಡ್ಡ ಬೋಟುಗಳು ಬಲೆ ಎಳೆಯುವ ಹಾಗಿಲ್ಲ. ಸಣ್ಣ ದೋಣಿಯವರು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಡಹೋದರೆ, "ನಿಮ್ಮ ತೋಟದ ಕಾಯಿ ಹೆಕ್ಕುವಾಗ ನಾನು ದುಡ್ಡು ಕೊಡ್ತೇನಾ?" ಎಂದರು ಅಕ್ಕ. ಅಮ್ಮ ಮೊದಮೊದಲು ಗಿಣ್ಣಲನ್ನು ಬಾಳೆಲೆಯ ತುಂಡಿನಲ್ಲಿ ಹಿಡಿದು ಗೂಡಿಗೆ ಇಡುತ್ತಿದ್ದರು. ಬರಬರುತ್ತ ಬಾಳೆಲೆ ಮರೆತೇಹೋಯಿತು.

ಕಟ್ಟು ಬಿಚ್ಚಿದಾಗ ಕಾಲು ಕಡ್ಡಿಯಷ್ಟು ಸಪೂರ. ಇನ್ನೂ ಸ್ವಲ್ಪ ದಿನ ಗೂಡಲ್ಲೇ ಇರಲಿ ಎಂದರು ಡಾಕ್ಟರು. ಅದು ಯಾರ ಮಾತು ಕೇಳುತ್ತದೆ? ಹಗ್ಗ ಸಡಿಲಾದದ್ದೇ ತಡ, ಆಚೆಮನೆಯ ಅಡುಗೆಕೋಣೆಯಲ್ಲಿ ಸಿಕ್ಕಿತು. ಓಡುವಾಗ ಈಗಲೂ ಸೊಂಟ ಸ್ವಲ್ಪ ವಾಲುತ್ತದೆ, ವೇಗಕ್ಕೇನೂ ಕಡಿಮೆಯಿಲ್ಲ. ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ಗೇಟಿನ ಹತ್ತಿರ ಮೊದಲು ಹಾಜರು. ಅದನ್ನು ನೋಡಿ ಮೀನಿನವನೂ ನಮ್ಮ ಮನೆಯೆದುರು ಗಾಡಿ ನಿಲ್ಲಿಸಲು ಶುರುಮಾಡಿದ್ದಾನೆ.