ಎರಡರಿಂದ ಹೊರಟರೆ ಎರಡಕ್ಕೇ ವಾಪಸ್: ಆರ್ಡುಯಿನೋದಲ್ಲಿ ಆರನೇ ಫರ್ಮಾ ಸಂಖ್ಯೆ

ಕೊನೆಗೂ ಡಿಸ್‌ಪ್ಲೇ ಮೇಲೆ 274177 ಬಂತು. 18446744073709551617ನ್ನು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಅಪವರ್ತನಗಳಾಗಿ ಒಡೆದು ಹಾಕಿದೆ! ಇದು 2ರ ಘಾತ 64, ಮೇಲೊಂದು. ಹೀಗೆ 2ನ್ನು 1, 2, 4, 8, 16... ಘಾತಕ್ಕೇರಿಸಿ ಒಂದು ಕೂಡಿದವೇ ಫರ್ಮಾ ಸಂಖ್ಯೆಗಳು; ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಇದು ಆರನೆಯದು. 1880ರಲ್ಲಿ ಫ್ರಾನ್ಸಿನ ಲ್ಯಾಂಡ್ರಿ ಇದನ್ನು ಒಡೆದಾಗ ಅವರಿಗೆ 82 ವರ್ಷ. ನಮ್ಮ ಕೈಲಿ 2 ಕೆಬಿ ರ‍್ಯಾಮ್ ಇದೆ, ನೆಪ ಹೇಳುವ ಹಾಗಿಲ್ಲ.

ಇದರ ಅಪವರ್ತನಗಳೆಲ್ಲ 256ರ ಗುಣಕಕ್ಕೆ ಒಂದು ಸೇರಿಸಿದವು. ಆ ಸಾಲಿನಲ್ಲೇ ಭಾಗಿಸುತ್ತಾ ಹೋದರೆ 1071ನೆಯದಕ್ಕೇ ಆಟ ಮುಗಿಯುತ್ತದೆ. ಅದರಲ್ಲೇನು ಮಜಾ? ಅದಕ್ಕೇ ಪೊಲಾರ್ಡ್ ರೋ ವಿಧಾನ ಹಿಡಿದೆ: ಒಂದು ಸಂಖ್ಯೆಯಿಂದ ಹೊರಟು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು, ಪ್ರತಿ ಸಲ ನಮ್ಮ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವುದು. ಆ ಸಾಲು ಯಾವುದೋ ಅಪವರ್ತನದ ಶೇಷಗಳ ಲೆಕ್ಕದಲ್ಲಿ ಸುತ್ತಿಕೊಂಡು ಹಳೆಯ ಬೆಲೆಗೇ ಬಂದರೆ, ಆ ಎರಡರ ವ್ಯತ್ಯಾಸದಿಂದ ಅಪವರ್ತನ ಸಿಗುತ್ತದೆ. ಪ್ರತಿ ಸುತ್ತಿನಲ್ಲೂ 256ನೇ ಘಾತ ತೆಗೆದು ಒಂದು ಕೂಡುವುದು, ಅಂದರೆ ಎಂಟು ಸಲ ವರ್ಗ. 274177ರ ಶೇಷಗಳಲ್ಲಿ ಸೊನ್ನೆ ಬಿಟ್ಟರೆ 256ನೇ ಘಾತಗಳು ಬರೀ 1071. ಬೇಗ ಸುತ್ತಿಕೊಳ್ಳಲೇಬೇಕು.

ಆದರೆ ಸ್ಕ್ರೀನ್ ಮೇಲೆ 2, 1, 2, 1.

ಮೊದಲು ಅನುಮಾನ ಬಂದದ್ದು ಡಿಸ್‌ಪ್ಲೇ ಮೇಲೆ. ಐ2ಸಿ ಮಾಡ್ಯೂಲ್ (ನಾಲ್ಕೇ ತಂತಿಯಲ್ಲಿ ಜೋಡಣೆ ಮುಗಿಸುವ ತುಣುಕು) ಸಮೇತ ಎಂದು ದುಡ್ಡು ತಗೊಂಡ ಅಂಗಡಿಯವರು ಬರೀ ಡಿಸ್‌ಪ್ಲೇ ಕಳಿಸಿದ್ದರು. ಕೇಳಿದರೆ "ಫೋಟೋದಲ್ಲಿ ಇರೋದೆಲ್ಲ ಬರಲ್ಲ ಸಾರ್" ಅಂತೆ. ಹದಿನಾರು ಪಿನ್ನಿಗೂ ನಾನೇ ಬೆಸುಗೆ ಹಾಕಬೇಕಾಯ್ತು. ಆದರೂ ಪಾಪ, ಡಿಸ್‌ಪ್ಲೇಯದ್ದು ತಪ್ಪಿರಲಿಲ್ಲ.

64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ, ಚದುರಂಗದ ಕಥೆಯಲ್ಲಿ ಬರುವ ಕಾಳುಗಳ ಒಟ್ಟು ಲೆಕ್ಕ. ನಮ್ಮ ಸಂಖ್ಯೆ ಅದಕ್ಕಿಂತ ಎರಡೇ ಜಾಸ್ತಿ. ಹಾಗಾಗಿ ಶೇಷಗಳೆಲ್ಲ 64 ಬಿಟ್‌ನಲ್ಲಿ ಕೂರುತ್ತವೆ, ಒಂದನ್ನು ಬಿಟ್ಟು: 2ರ ಘಾತ 64. ಅದು ಬಂದ ಕೂಡಲೇ ಉಕ್ಕಿ ಸೊನ್ನೆಯಾಗುತ್ತದೆ. ಇಷ್ಟೊಂದು ಶೇಷಗಳ ನಡುವೆ ಅದೊಂದೇ ಯಾಕೆ ಎದುರಾಗಬೇಕು? ಯಾಕಂದ್ರೆ ಎಲ್ಲರ ಹಾಗೆ 2ರಿಂದ ಹೊರಟಿದ್ದೆ. 2, 4, 16, 256, 65536... ಆರನೇ ವರ್ಗಕ್ಕೆ ನೇರ ಅಲ್ಲಿಗೇ.

ಆ ಒಂದು ಬೆಲೆಗೆ ಬೇರೆ ಗುರುತು (ಫ್ಲ್ಯಾಗ್) ಇಟ್ಟೆ. ಈಗ ಬಂದದ್ದು 2, 2, 2, 2. ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ!

ಪೆನ್ನು ಹಿಡಿದ ಮೇಲೆ ಗೊತ್ತಾಯ್ತು. 2ರ ಘಾತ 64 ನಮ್ಮ ಸಂಖ್ಯೆಗಿಂತ ಒಂದೇ ಕಡಿಮೆ, ಹಾಗಾಗಿ ಶೇಷದ ಲೆಕ್ಕದಲ್ಲಿ ಮೈನಸ್ ಒಂದಕ್ಕೆ ಸಮ. ಅದರ ವರ್ಗ ಒಂದು, ಮತ್ತೆ ವರ್ಗ ಮಾಡಿದರೂ ಒಂದೇ. ಒಂದು ಕೂಡಿದರೆ ವಾಪಸ್ ಎರಡು. ಲೆಕ್ಕ ಸರಿ, ಚಿಪ್ ಸರಿ, ಹೊರಟ ಜಾಗವೇ ಗ್ರಹಚಾರ. 4, 8, 16 ಯಾವುದರಿಂದ ಹೊರಟರೂ ಇದೇ ಗತಿ. 3 ಕೊಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ.

ಏಳನೇ ಫರ್ಮಾ ಸಂಖ್ಯೆಗೂ ಇದೇ ಸ್ಕೆಚ್ (ಆರ್ಡುಯಿನೋ ಪ್ರೋಗ್ರಾಮ್) ಹಿಗ್ಗಿಸಬಹುದು, ಅಲ್ವಾ? ಅದಕ್ಕೆ 39 ಅಂಕಿ. 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಅದನ್ನು ಒಡೆದದ್ದು ಬೇರೆಯೇ ದಾರಿಯಲ್ಲಿ, ಸತತ ಭಿನ್ನರಾಶಿ ಹಿಡಿದು. ಅದರ ಚಿಕ್ಕ ಅಪವರ್ತನಕ್ಕೇ 17 ಅಂಕಿ. ಅಲ್ಲಿ 512ನೇ ಘಾತ ತೆಗೆದರೆ ಕೋಟಿಯ ಆಸುಪಾಸು ಸುತ್ತು ಬೇಕು. ಇಎಸ್‌ಪಿ32 ಎಂಬ ಇನ್ನೂ ವೇಗದ ಬೋರ್ಡ್ ತರಿಸಬೇಕು, ಈ ಸಲ ಬೇರೆ ಅಂಗಡಿಯಿಂದ.

ಆರನೆಯದರಲ್ಲಿ ಉಳಿದ ತುಂಡು 67280421310721. ಅದು ಅವಿಭಾಜ್ಯವೋ ಅಂತ ನೋಡುವುದು ಸುಲಭ: ಅದೇ 256ರ ಸಾಲಿನಲ್ಲಿ ವರ್ಗಮೂಲದವರೆಗೆ 32,000 ಚಿಲ್ಲರೆ ಭಾಗಾಕಾರ, ಅಷ್ಟೇ. ಬೋರ್ಡ್ ಹಚ್ಚಿಟ್ಟು ಕಾಫಿಗೆ ಹೋದೆ. ಯಾವುದರಿಂದಲೂ ಭಾಗವಾಗಲಿಲ್ಲ.