ಒಂದೇ ಹಾಡಿನಲ್ಲಿ ವಿಲ್ಲಿ, ಡಿಲನ್

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ವಿಲ್ಲಿ ನೆಲ್ಸನ್ ಅವರ 1993ರ ಆಲ್ಬಂ ‘ಅಕ್ರಾಸ್ ದ ಬಾರ್ಡರ್‌ಲೈನ್’ ಹಚ್ಚಿಕೊಂಡು ನಾನು ಕುಳಿತದ್ದು ಪಾಲ್ ಸೈಮನ್ ಅವರ ಎರಡು ಹಾಡುಗಳಿಗಾಗಿ. ‘ಗ್ರೇಸ್‌ಲ್ಯಾಂಡ್’ ಮತ್ತು ‘ಅಮೆರಿಕನ್ ಟ್ಯೂನ್’ ವಿಲ್ಲಿಯವರ ಕಂಠದಲ್ಲಿ ಹೇಗೆ ಕೇಳಿಸಬಹುದು ಎಂಬ ಕುತೂಹಲವಿತ್ತು. ಹಾಡುಗಳ ಪಟ್ಟಿಯನ್ನು ಮೊದಲೇ ಓದುವ ಅಭ್ಯಾಸ ನನಗಿಲ್ಲ. ಒಂದರ ಹಿಂದೆ ಒಂದು ಬಂದಂತೆ ಕೇಳುತ್ತ ಹೋಗುತ್ತೇನೆ. ಹಾಗೆ ಹೋಗುತ್ತಿರುವಾಗ ‘ಹಾರ್ಟ್‌ಲ್ಯಾಂಡ್’ ಎಂಬ ಹಾಡು ಬಂತು, ಅದರೊಳಗಿನಿಂದ ಇನ್ನೊಂದು ದನಿ ಬಂತು. ಒಡಕು ದನಿ. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ತರಚಿಕೊಂಡು ಹೊರಬೀಳುವ ದನಿ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಗುರುತು ಸಿಕ್ಕಿತು. ಬಾಬ್ ಡಿಲನ್!

ನಾನು ಎದ್ದು ನಿಂತುಬಿಟ್ಟೆ. ಇಬ್ಬರನ್ನೂ ಎಷ್ಟೋ ಕಾಲದಿಂದ ಕೇಳುತ್ತ ಬಂದವನು ನಾನು. ವಿಲ್ಲಿ ನನಗೆ ದಕ್ಕಿದ್ದು ಅಣ್ಣನಿಂದ. ಡಿಲನ್ ಅವರನ್ನು ನಾನೇ ಹುಡುಕಿಕೊಂಡದ್ದು. ಮನೆಯಲ್ಲಿ ಅವರಿಬ್ಬರೂ ಬೇರೆ ಬೇರೆ ಕೋಣೆಗಳವರು. ಅವರು ಸೇರಿ ಒಂದು ಹಾಡನ್ನು ಬರೆದಿದ್ದಾರೆ, ಸೇರಿ ಹಾಡಿಯೂ ಇದ್ದಾರೆ ಎಂಬುದು ಇಷ್ಟು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಾಡಿನ ವಿಷಯ ಜಮೀನು ಕಳೆದುಕೊಳ್ಳುತ್ತಿರುವ ಅಮೆರಿಕದ ರೈತ. ಬ್ಯಾಂಕಿನವರು ಮನೆಯನ್ನೂ ನೆಲವನ್ನೂ ಕಿತ್ತುಕೊಳ್ಳುತ್ತಿದ್ದಾರೆ, ಬಾವಿಯ ನೀರು ಕಹಿಯಾಗಿದೆ, ಕಂಡ ಕನಸು ಹೊಲಿಗೆ ಬಿಚ್ಚಿಹೋಗಿದೆ. ಇದು ಕವಿಗಳು ಕುಳಿತಲ್ಲೇ ಕಲ್ಪಿಸಿಕೊಂಡ ಸಂಕಟವಲ್ಲ. 1970ರ ದಶಕದಲ್ಲಿ ಧಾನ್ಯದ ರಫ್ತು ಏರುತ್ತಿದ್ದಾಗ ಅಲ್ಲಿನ ರೈತರು ಧೈರ್ಯವಾಗಿ ಸಾಲ ಮಾಡಿ ಭೂಮಿ ಕೊಂಡರು, ಯಂತ್ರಗಳನ್ನು ಕೊಂಡರು. 1980ರ ಜನವರಿಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದರ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಬ್ಯಾಂಕುಗಳ ಬಡ್ಡಿದರ ಶೇಕಡಾ 20ನ್ನು ದಾಟಿತು. ಆಮೇಲೆ ಭೂಮಿಯ ಬೆಲೆಯೂ ಕುಸಿಯಿತು. ಸಾಲ ಹಾಗೆಯೇ ಉಳಿಯಿತು. ಅದಕ್ಕೆ ಅಡವಿಟ್ಟ ನೆಲ ಮಾತ್ರ ಆ ಸಾಲದಷ್ಟೂ ಬಾಳದಾಯಿತು. ಹೊಲಗಳು ಹರಾಜಿಗೆ ಬಂದವು.

ಡಿಲನ್ ಈ ಕಥೆಯೊಳಗೆ ಬರುವುದು 1985ರ ಜುಲೈ 13ರಂದು, ಫಿಲಡೆಲ್ಫಿಯಾದ ‘ಲೈವ್ ಏಡ್’ ವೇದಿಕೆಯಲ್ಲಿ. ಇಥಿಯೋಪಿಯಾದ ಬರಪೀಡಿತರಿಗೆಂದು ನಡೆಯುತ್ತಿದ್ದ ಆ ಕಛೇರಿಯಲ್ಲಿ ಅವರು, ಬಂದ ಹಣದಲ್ಲಿ ಒಂದಷ್ಟನ್ನು ಇಲ್ಲಿನ ರೈತರ ಬ್ಯಾಂಕ್ ಸಾಲ ತೀರಿಸಲು ಬಳಸಬಹುದೇನೋ ಎಂದುಬಿಟ್ಟರು. ಸಂಘಟಕ ಬಾಬ್ ಗೆಲ್ಡಾಫ್ ಅವರಿಗೆ ಆ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಹಸಿವಿನಿಂದ ಸಾಯುತ್ತಿರುವವರಿಗಾಗಿ ಸೇರಿಸುತ್ತಿರುವ ಹಣದ ಮುಂದೆ ನಿಂತು ಹಾಗೆನ್ನುವುದು ಸಲ್ಲದು ಎಂಬ ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಡಿಲನ್ ಅವರ ಮಾತಿನಲ್ಲಿದ್ದ ನೋವನ್ನು ವಿಲ್ಲಿ ಕೈಗೆತ್ತಿಕೊಂಡರು. ನೀಲ್ ಯಂಗ್ ಮತ್ತು ಜಾನ್ ಮೆಲೆನ್‌ಕ್ಯಾಂಪ್ ಅವರೊಡನೆ ಸೇರಿ ಸೆಪ್ಟೆಂಬರ್ 22ರಂದು ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿ ರೈತರ ನೆರವಿಗೆಂದು ಮೊದಲ ‘ಫಾರ್ಮ್ ಏಡ್’ ಕಛೇರಿ ನಡೆಸಿದರು. ಡಿಲನ್ ಅಲ್ಲಿಗೂ ಬಂದು ಹಾಡಿದರು.

ಅಲ್ಲಿಂದ ಎಂಟು ವರ್ಷಗಳ ನಂತರದ ಹಾಡು ‘ಹಾರ್ಟ್‌ಲ್ಯಾಂಡ್’. ಆ ಎಂಟು ವರ್ಷಗಳಲ್ಲಿ ವಿಲ್ಲಿಯವರ ಬದುಕಿಗೂ ಜಪ್ತಿ ಬಂದಿತ್ತು. 1990ರಲ್ಲಿ ತೆರಿಗೆ ಬಾಕಿಗಾಗಿ ಅಮೆರಿಕದ ಸರ್ಕಾರ ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಸಾಲ ತೀರಿಸಲೆಂದೇ ಅವರು ಗಿಟಾರ್ ಹಿಡಿದು ಒಬ್ಬರೇ ಒಂದು ಆಲ್ಬಂ ಮಾಡಿದರು. ಟೆಕ್ಸಸ್‌ನ ಆಬಟ್ ಎಂಬ ಪುಟ್ಟ ಊರಿನಲ್ಲಿ ಅಜ್ಜ ಅಜ್ಜಿಯ ಮಡಿಲಲ್ಲಿ ಬೆಳೆದು, ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದ ಕೈ ಅವರದು. ಡಿಲನ್ ಬೆಳೆದದ್ದು ಮಿನೆಸೋಟದ ಕಬ್ಬಿಣದ ಅದಿರಿನ ಊರು ಹಿಬ್ಬಿಂಗ್‌ನಲ್ಲಿ. ನೆಲವನ್ನು ನಂಬಿಕೊಂಡ ಊರುಗಳ ಸ್ಥಿತಿಗತಿ ಇಬ್ಬರಿಗೂ ಗೊತ್ತು. ‘ಮನೆ ಹೋಗುತ್ತಿದೆ’ ಎಂದು ಈ ಇಬ್ಬರು ಹಾಡುವಾಗ ನನಗೆ ಒಂದು ಅಕ್ಷರವೂ ಎರವಲು ತಂದದ್ದು ಅನ್ನಿಸಲಿಲ್ಲ.

ಆದರೆ ಆ ರಾತ್ರಿ ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ಕೇಳಿದ್ದು ಈ ಚರಿತ್ರೆಗಾಗಿ ಅಲ್ಲ. ಅವರು ಒಟ್ಟಿಗೆ ಹಾಡುವ ಬಗೆಗಾಗಿ. ವಿಲ್ಲಿ ತಾಳದ ಮೇಲೆ ಸರಿಯಾಗಿ ಕಾಲಿಡುವ ಗಾಯಕರಲ್ಲ. ಪೆಟ್ಟು ಬಿದ್ದು ಹೋದ ಮೇಲೆ ನಿಧಾನವಾಗಿ ಬರುತ್ತಾರೆ, ಇಲ್ಲವೇ ಅದಕ್ಕೆ ಮೊದಲೇ ಮಾತು ಮುಗಿಸಿ ಸುಮ್ಮನಾಗುತ್ತಾರೆ. ಡಿಲನ್ ಅಂತೂ ಒಂದು ಸಾಲನ್ನು ಎರಡು ಸಲ ಒಂದೇ ರೀತಿ ಹಾಡಿದವರಲ್ಲ. ಯಾವ ಪದವನ್ನು ಎಳೆಯುತ್ತಾರೆ, ಯಾವುದನ್ನು ನುಂಗುತ್ತಾರೆ ಎಂದು ಮುಂದಾಗಿ ಹೇಳಲಾಗದು. ಇಂಥ ಇಬ್ಬರನ್ನು ಜೊತೆಗೆ ನಿಲ್ಲಿಸುವುದೆಂದರೆ ಎರಡು ಒಂಟಿ ಎತ್ತುಗಳನ್ನು ಒಂದು ನೊಗಕ್ಕೆ ಕಟ್ಟಿದ ಹಾಗೆ. ಯುಗಳ ಗೀತೆಯೆಂದರೆ ದನಿಗೆ ದನಿ ಬೆರೆತು ಒಂದಾಗಬೇಕು ಎಂಬುದು ನಮ್ಮ ಕಿವಿಯ ರೂಢಿ. ಇಲ್ಲಿ ಅದು ಆಗುವುದಿಲ್ಲ. ಸಾಲಿನ ಕೊನೆಗೆ ಬಂದಾಗ ಒಬ್ಬರ ಉಸಿರು ಮುಗಿದಿರುತ್ತದೆ, ಇನ್ನೊಬ್ಬರ ಸ್ವರ ಇನ್ನೂ ಎಳೆದುಕೊಂಡು ಹೋಗುತ್ತಿರುತ್ತದೆ. ತೆಳ್ಳಗೆ, ನೆಟ್ಟಗೆ ನಿಲ್ಲುವ ವಿಲ್ಲಿಯವರ ಸ್ವರದ ಪಕ್ಕದಲ್ಲಿ ಡಿಲನ್ ಅವರ ಒರಟು ಸ್ವರ ಕೊಂಚ ಆಚೀಚೆ ಆಗುತ್ತಲೇ ಇರುತ್ತದೆ. ಇಬ್ಬರೂ ತಮ್ಮ ನಡಿಗೆ ಬಿಟ್ಟುಕೊಡುವುದಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ. ಈ ಹಾಡಿಗೆ ಅದೇ ಸರಿ. ನಯವಾಗಿ ಬೆರೆತ ಕಂಠಗಳು ಇದನ್ನು ಹಾಡಿದ್ದರೆ ರೈತನ ದುಃಖ ಚಂದದ ವಸ್ತುವಾಗಿಬಿಡುತ್ತಿತ್ತು. ಈಗ ಅದು ಹರಾಜಿನ ದಿನ ಬೇಲಿಯ ಬಳಿ ನಿಂತ ಇಬ್ಬರು ನೆರೆಯವರ ಮಾತಿನಂತೆ ಕೇಳಿಸುತ್ತದೆ.

ಹೆಸರುಗಳನ್ನು ಹೇಳದೆ ಹಾಡನ್ನು ಅಣ್ಣನ ಮೊಬೈಲಿಗೆ ಕಳುಹಿಸಿದೆ. ಡಿಲನ್ ಎಂದರೆ ಅವನಿಗೆ ಆಗುವುದಿಲ್ಲ. ‘ಕವಿ ದೊಡ್ಡವನಿರಬಹುದು ಕಣೋ, ಶ್ರುತಿ ಎಲ್ಲಿದೆ?’ ಎಂಬುದು ಅವನ ಹಳೆಯ ತಕರಾರು. ಸ್ವಲ್ಪ ಹೊತ್ತಿಗೆ ಕರೆ ಬಂತು.

‘ವಿಲ್ಲಿಯ ಜೊತೆ ಇರುವವನು ನಿನ್ನವನೇ ತಾನೇ?’

‘ಹೌದಣ್ಣ. ಹೇಗಿದೆ?’

ಅವನು ಒಡನೆಯೇ ಉತ್ತರಿಸಲಿಲ್ಲ. ಆಮೇಲೆ, ‘ಸಾಲದ ನೋಟಿಸು ಓದಿದ ಮನುಷ್ಯ ಶ್ರುತಿಯಲ್ಲಿ ಮಾತಾಡುತ್ತಾನೆಯೇ? ಇವನು ಇಲ್ಲಿ ಸರಿಯಾಗಿಯೇ ಇದ್ದಾನೆ’ ಎಂದ. ಡಿಲನ್ ಅವರ ದನಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಗಿಂತಲೂ ಈ ಮಾತು ನನಗೆ ಹಿಡಿಸಿತು.

ಆಮೇಲೆ ಇಬ್ಬರೂ ಹುಡುಕಾಟಕ್ಕೆ ಇಳಿದೆವು. ಅದೇ 1993ರಲ್ಲಿ ವಿಲ್ಲಿಯವರ ಅರವತ್ತರ ಹುಟ್ಟುಹಬ್ಬದ ಟಿವಿ ಕಾರ್ಯಕ್ರಮದಲ್ಲಿ ಇಬ್ಬರೂ ಟೌನ್ಸ್ ವ್ಯಾನ್ ಝಾಂಟ್ ಅವರ ‘ಪಾಂಚೊ ಆ್ಯಂಡ್ ಲೆಫ್ಟಿ’ಯನ್ನು ಸೇರಿ ಹಾಡಿದ್ದು ಸಿಕ್ಕಿತು. 2004ರ ಬೇಸಿಗೆಯಲ್ಲಿ ಅಮೆರಿಕದ ಸಣ್ಣ ಊರುಗಳ ಬೇಸ್‌ಬಾಲ್ ಮೈದಾನಗಳಲ್ಲಿ ಜೊತೆಯಾಗಿ ಪ್ರವಾಸ ಮಾಡಿದ್ದೂ ತಿಳಿಯಿತು. 2024ರಲ್ಲಿ ವಿಲ್ಲಿಗೆ 91, ಡಿಲನ್‌ಗೆ 83. ಆಗಲೂ ಒಂದೇ ಸಂಗೀತ ಯಾತ್ರೆಯಲ್ಲಿ ಹೊರಟಿದ್ದರು. ಇಷ್ಟೆಲ್ಲ ಒಡನಾಟವಿದ್ದೂ ಇಬ್ಬರು ಸೇರಿ ಒಂದಿಡೀ ಆಲ್ಬಂ ಮಾಡಲಿಲ್ಲವಲ್ಲ ಎಂಬುದು ಈಗ ನಮ್ಮ ಕೊರಗು.

ಅಣ್ಣ ಡಿಲನ್ ಅವರ ‘ವರ್ಲ್ಡ್ ಗಾನ್ ರಾಂಗ್’ ಕೇಳಲು ಶುರುಮಾಡಿದ್ದಾನೆ. ಅದೂ 1993ರದ್ದೇ, ಗಿಟಾರ್, ಹಾರ್ಮೋನಿಕಾ ಬಿಟ್ಟರೆ ಬೇರೆ ವಾದ್ಯವಿಲ್ಲ. ಎರಡು ಹಾಡು ಹಿಡಿಸಿವೆಯಂತೆ, ಉಳಿದವುಗಳ ಬಗ್ಗೆ ಭಾನುವಾರ ಜಗಳವಿದೆ.